ಚಿಮಣಿಗೆ ಸುತ್ತಿದ ಪಟ್ಟಿ

ಹೊನ್ನಾವರದ ಮೀನುಪುಡಿ ಕಾರ್ಖಾನೆಯ ಚಿಮಣಿ ಕಟ್ಟಿದವನು ನಾನು. ತೊಂಬತ್ತು ಅಡಿ ಉಕ್ಕು. ಕುಮಟಾದಿಂದ ಭಟ್ಕಳದವರೆಗೆ ಚಿಮಣಿ ಎಂದರೆ ಈ ಹೊನ್ನನ ವರ್ಕ್‌ಶಾಪ್ ಎನ್ನುತ್ತಿದ್ದರು. ಆ ಹೆಸರು ಹೋಗುವ ಹೊತ್ತು ಬಂದಿತ್ತು.

ಜೂನ್ ತಿಂಗಳ ಬಿರುಗಾಳಿಗೂ ಅಲುಗದ ಚಿಮಣಿ, ಚಳಿಗಾಲದ ಮಧ್ಯಾಹ್ನ ಒಂದೇ ಹದದ ಕಡಲಗಾಳಿ ಬೀಸಿದರೆ ಗಾಳಿಗೆ ಅಡ್ಡವಾಗಿ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಬುಡದ ವೆಲ್ಡಿಂಗ್ ಎರಡು ಸಲ ಬಿರುಕು ಬಿಟ್ಟಿತು. ದಪ್ಪ ತಗಡು ಕೂರಿಸಿದೆ, ತಂತಿ ಬಿಗಿದೆ. ತೂಗುವುದು ನಿಲ್ಲಲಿಲ್ಲ.

ಆಗ ಬಾಯಿ ಹಾಕಿದವನು ರೂಪೇಶ. ಕಾರ್ಖಾನೆಗೆ ಮೀನು ತರುವ ಬೋಟು ನಡೆಸುವ ತಾಂಡೇಲ, ಶಾಲೆಯಲ್ಲಿ ನನ್ನ ಬೆಂಚಿನವನು. ಮಾಲೀಕ ನಾಗಭೂಷಣರ ಎದುರಿಗೇ ಹೇಳಿದ:

"ಗಾಳಿ ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಸುಳಿ ಬಿಟ್ಟು ಹೋಗ್ತದೆ. ಆ ಸುಳಿ ಒಡೀಬೇಕು. ಮೇಲಿನ ಮೂರನೇ ಒಂದು ಪಾಲಿಗೆ ಉಕ್ಕಿನ ಪಟ್ಟಿ ಬಳ್ಳಿ ಹಾಗೆ ಸುತ್ತಿಸಿ."

"ಮೀನು ಹಿಡಿಯುವವನಿಗೆ ಚಿಮಣಿ ವಿಷಯ ಎಂತ ಗೊತ್ತು?" ಎಂದೆ.

"ನಿನ್ನ ಅಪ್ಪನೇ ಕಲಿಸಿದ್ದು ಮಾರಾಯ. ಬೋಟಿನ ಏರಿಯಲ್ ಪೈಪ್ ನಡುಗಬಾರದು ಅಂತ ಹಳೇ ಹಗ್ಗ ಸುತ್ತುತ್ತಿದ್ದ. ನೀ ಆಗ ಬಲೆ ಮೇಲೆ ಬಿದ್ದು ವಾಂತಿ ಮಾಡ್ತಿದ್ದೆ."

ನಾಗಭೂಷಣರು ನಕ್ಕರು. ನಾನು ಬಾಯಿಗೆ ಬಂದಂತೆ ಬೈದೆ. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಕಡಲು ನನಗೆ ಆಗಿಬರಲಿಲ್ಲ. ನಾಲ್ಕೇ ದಿನಕ್ಕೆ ಅಪ್ಪನ ಬೋಟು ಬಿಟ್ಟು ವೆಲ್ಡಿಂಗಿಗೆ ಸೇರಿದೆ. ನಾನು ಬಿಟ್ಟ ಜಾಗಕ್ಕೆ ರೂಪೇಶ ಹತ್ತಿದ. ಹದಿನೆಂಟು ವರ್ಷ, ಅಪ್ಪ ತೀರಿಹೋಗುವವರೆಗೂ, ಪಕ್ಕದಲ್ಲಿ ನಿಂತ. ಅಪ್ಪ ಮನೆಗೆ ಬಂದರೂ ರೂಪೇಶನದೇ ಮಾತು. ಆ ಹಗ್ಗ ನಾನೂ ನೋಡಿದ್ದೆ. ಚಂದಕ್ಕೆ ಸುತ್ತಿದ್ದು ಅಂದುಕೊಂಡೆ, ಕೇಳಲಿಲ್ಲ. ಅವನು ಕೇಳಿದ್ದ.

ಹೆಂಡತಿ ಕಮಲಿ ಊಟ ಬಡಿಸುತ್ತ ಹೇಳಿದಳು, "ನಿಮಗೆ ಚಿಮಣಿ ನಿಲ್ಲೂದು ಬೇಕಾ, ರೂಪೇಶ ಸೋಲೂದು ಬೇಕಾ? ಒಂದು ಹೇಳಿ."

ಮರುದಿನ ಉಕ್ಕಿನ ಪಟ್ಟಿ ಕತ್ತರಿಸಲು ಕೂತೆ.

ಕಾರ್ಖಾನೆಯವರು ಬಾಯ್ಲರ್ ಆರಿಸಿ ಕೊಟ್ಟರು. ನಾನೇ ಹತ್ತಿ ಮೂರು ಪಟ್ಟಿ ಸುತ್ತಿದೆ. ಬೆಸುಗೆ ಹಾಳು ಮಾಡಿಬಿಡುವ ಮನಸ್ಸಾಯಿತು. ಕೈ ಒಪ್ಪಲಿಲ್ಲ.

ಮುಂದಿನ ವಾರ ಅದೇ ಗಾಳಿ ಬಂತು. ಎಲ್ಲರೂ ಅಂಗಳದಲ್ಲಿ ಕತ್ತೆತ್ತಿ ನಿಂತರು. ನನ್ನದೇ ಚಿಮಣಿ, ಆದರೂ ತೂಗಲಿ ಎಂದು ಬೇಡಿಕೊಂಡೆ. ಅದು ಕದಲಲಿಲ್ಲ.

"ತಲೆ ಅಂದ್ರೆ ರೂಪೇಶಂದು," ಎಂದರು ನಾಗಭೂಷಣರು.

"ನಂದಲ್ಲ, ಇವನ ಅಪ್ಪಂದು," ಎಂದು ರೂಪೇಶ ನನ್ನ ಹೆಗಲ ಮೇಲೆ ಕೈ ಇಟ್ಟ.

ಆ ಕೈ ಕೊಡವಿ ಹಾಕಿದೆ. ನನ್ನ ಅಪ್ಪನನ್ನು ನನಗೆ ಕೊಡಲು ಇವನು ಯಾರು? ಗೇಟಿನವರೆಗೆ ಹೋಗಿ, ತಿರುಗಿ ಬಂದೆ.

"ಅಪ್ಪ ಬೇರೆ ಎಂತೆಂತ ಹೇಳಿದ್ದ?"

"ಒಂದು ದಿನಕ್ಕೆ ಮುಗೀತದಾ? ಬೋಟಿಗೆ ಬಾ."

"ಬೋಟಿಗೆ ಬರೂದಿಲ್ಲ. ನೀನೇ ವರ್ಕ್‌ಶಾಪಿಗೆ ಬಾ," ಎಂದೆ.