ಕೊನೆಯ ರಕ್ತ

"ಮೀನಿನ ನಾತ ಇಲ್ಲಿಗೆ ತರ್ಬೇಡ ಅಂತ ಎಷ್ಟು ಸಲ ಹೇಳುದು ನಿಂಗೆ? ದೂರ ಕೂತ್ಕೋ!"

ನರ್ಸಮ್ಮ ಮೂಗು ಮುಚ್ಚಿಕೊಂಡಳು. ಉಪ್ಪುಂದದಿಂದ ಖಾಲಿ ಹೊಟ್ಟೆಯಲ್ಲಿ ಕುಂದಾಪುರದ ಆಸ್ಪತ್ರೆಗೆ ಬಂದಿದ್ದ ಸುಂದರಿ ಬೆಂಚಿನ ತುದಿಗೆ ಸರಿದಳು.

ಗಂಟು ಬಾತು, ಬೆರಳು ಸೊಟ್ಟಗಾಗಿ, ಮೀನು ಕೊಯ್ಯಲಾಗದೆ ಮೂಲೆ ಹಿಡಿದಿದ್ದವಳು ಅವಳು. ಈ ಆಸ್ಪತ್ರೆಯ ಡಾಕ್ಟರೇ ಹೇಳಿಕಳಿಸಿದ್ದರು: ಪರದೇಶದ ಕಂಪನಿಯ ಹೊಸ ಮದ್ದು, ಇನ್ನೂ ಪೇಟೆಗೆ ಬಂದಿಲ್ಲ, ನಿಮ್ಮಂಥವರ ಮೇಲೆ ಪರೀಕ್ಷೆ, ಪುಕ್ಕಟೆ. ಮೊದಮೊದಲು ಮೈಯೆಲ್ಲ ಬೊಕ್ಕೆ ಎದ್ದಿತು, ತಿಂದದ್ದೆಲ್ಲ ಕಕ್ಕಿದಳು. ಆದರೂ ಇಂಜೆಕ್ಷನ್ ತಪ್ಪಿಸಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ಬಿಚ್ಚಿದವು. ಬಂಗುಡೆ ಮೀನಿನ ಬುಟ್ಟಿ ಮತ್ತೆ ತಲೆಯೇರಿತು.

ಡಾಕ್ಟರು ಒಳಗೆ ಕರೆದರು. "ಇವತ್ತು ಕೊನೇ ಸಲ ರಕ್ತ ಕೊಡು. ಇನ್ನು ಇಂಜೆಕ್ಷನ್ ಇಲ್ಲ, ಪರೀಕ್ಷೆ ಮುಗೀತು."

"ಹಂಗಾರೆ ಅಂಗಡಿಗ್ ಬತ್ತಾ ಈ ಮದ್ದ್?"

"ಇಲ್ಲ. ನಮ್ಮ ಸರ್ಕಾರ ದರಕ್ಕೆ ಮಿತಿ ಹಾಕ್ತದಂತೆ. ಸಂಶೋಧನೆಗೆ ಸುರಿದ ದುಡ್ಡು ಹುಟ್ಟದ ಊರಲ್ಲಿ ಕಂಪನಿ ಯಾಕೆ ಮಾರ್ತದೆ?"

"ಅವ್ರ್ ಹೇಳಿದ್ ದರವೇ ಇಟ್ರೆ?"

ಡಾಕ್ಟರು ನಕ್ಕರು. "ನೀನು ತಕೊಳ್ತೀಯಾ? ಮನೆ, ಬುಟ್ಟಿ, ಕಡೆಗೆ ನಿನ್ನನ್ನೇ ಮಾರಿದ್ರೂ ಸಾಲುದಿಲ್ಲ."

ನರ್ಸಮ್ಮ ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. "ಕೈ ನೀಡು. ಪುಕ್ಕಟೆ ಚುಚ್ಚಿಸ್ಕೊಂಡದ್ದಲ್ವಾ?"

ಸೂಜಿ ಹತ್ತಿರ ಬಂತು. ಸುಂದರಿ ಕೈ ಎಳೆದುಕೊಂಡಳು.

"ದರ ಇಳ್ದ್ರೆ ಅವ್ರ್ ಕೊಡುದಿಲ್ಲ, ಏರ್ರೆ ನಂಗೆ ತಕಂಬುಕೆ ಆತಿಲ್ಲ. ನನ್ ಮೈಮೇಲ್ ಬೊಕ್ಕಿ ಎಬ್ಸುಕೆ ಮಾತ್ರ ಯಾವ ದರೂ ಅಡ್ಡ ಬರ್ಲಿಲ್ಯಾ, ಬೋಳಿಮಕ್ಳೆ?"

ಡಾಕ್ಟರು ಕುರ್ಚಿಯಿಂದ ಎದ್ದರು. "ಏಯ್! ಈ ರಕ್ತ ಇಲ್ಲದಿದ್ರೆ ಇಷ್ಟು ದಿನದ ಪರೀಕ್ಷೆಯೇ ಹಾಳು. ಕಂಪನಿಗೆ ನಾನು ಏನು ಹೇಳ್ಲಿ?"

"ಸುಂದರಿ ಕೊಡುದಿಲ್ಲ ಅಂದ್ಳ್ ಅಂದೇಳಿ ಹೇಳಿ."

ಪಟ್ಟಿ ಕಿತ್ತು ಮೇಜಿನ ಮೇಲೆ ಎಸೆದಳು. ಹೊರಗೆ ಅದೇ ಮದ್ದು ಚುಚ್ಚಿಸಿಕೊಳ್ಳುತ್ತಿದ್ದ ಕೆರಾಡಿಯ ಶೀನ ಅಂಗಿಯ ತೋಳು ಮಡಚಿಕೊಂಡು ಸರದಿ ಕಾಯುತ್ತಿದ್ದ.

"ಹ್ವಾಯ್ ಶೀನಣ್ಣ, ತೋಳ್ ಇಳ್ಸ್. ಮದ್ದ್ ಇಲ್ಲ ಅಂಬ್ರ್, ರಕ್ತ ಮಾತ್ರ ಬೇಕಂಬ್ರ್."

ಶೀನ ಡಾಕ್ಟರ ಬಾಗಿಲು ನೋಡಿದ. ತನ್ನ ಬೆರಳು ನೋಡಿದ. ಅಂಗಿಯ ತೋಳು ಇಳಿಸಿ ಗುಂಡಿ ಹಾಕತೊಡಗಿದ. ಪಕ್ಕದಲ್ಲಿ ರಕ್ತ ಕೊಡಲು ಕಾದಿದ್ದ ಪ್ರಭಾವತಿಯೂ ಎದ್ದು ನಿಂತಳು.

"ಹೋಗ್ಬೇಡಿ, ಕೂತ್ಕೊಳ್ಳಿ, ಮಾತಾಡುವ!" ಡಾಕ್ಟರು ಬಾಗಿಲಿನವರೆಗೆ ಓಡಿಬಂದರು.

ಊರಿಗೆ ಹೋಗುವ ಬೈಂದೂರು ಬಸ್ಸು ಕಿಕ್ಕಿರಿದಿತ್ತು. ಸುಂದರಿ ಮೇಲಿನ ಸರಳನ್ನು ಬಿಗಿಯಾಗಿ ಹಿಡಿದಳು. ಹೆಬ್ಬೆರಳ ಬುಡದಲ್ಲಿ ಹಳೆಯ ಗಂಟುನೋವು ಆಗಲೇ ಸಣ್ಣಗೆ ಚುಚ್ಚುತ್ತಿತ್ತು. ಹಿಡಿತ ಬಿಡಲಿಲ್ಲ.