ಬಾವಿ ನೀರಿನ ಮೀನುಗಳು

"ಥೂ, ದರಿದ್ರದವಳೇ! ತೊಟ್ಟಿಗೆ ಬಾವಿ ನೀರು ಬಿಡ್ಬೇಕು ಅನ್ನೋ ಬುದ್ಧಿ ಬೇಡ್ವಾ ನಿಂಗೆ?"

ಸೂಪರ್‌ವೈಸರ್ ಗಾಜಿನ ತೊಟ್ಟಿಯಿಂದ ಸತ್ತ ಮೀನೊಂದನ್ನು ಬಾಲ ಹಿಡಿದೆತ್ತಿ ನನ್ನ ಕಾಲ ಬುಡಕ್ಕೆ ಎಸೆದ. ಉಳಿದವೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ತೊಟ್ಟಿಯ ಮೇಲೆ ದಪ್ಪಕ್ಷರದ ಬೋರ್ಡು: 'ನಮ್ಮ ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ನೀರು'. ನಾನು ಕೆಲಸಕ್ಕೆ ಹೊಸಬಳು. ಬೋರ್ಡು ಓದಿ, ನಂಬಿ, ಹೊಳೆಗೆ ಹೋಗುವ ಪೈಪಿನ ನೀರನ್ನೇ ತುಂಬಿಸಿದ್ದೆ.

"ಬೋರ್ಡಲ್ಲಿ ಹಂಗೇ ಬರ್ದಿದೆಯಲ್ಲ ಸಾರ್..."

"ಬೋರ್ಡು ಇರೋದು ತಪಾಸಣೆಗೆ ಬರೋ ಸರ್ಕಾರಿ ಸಾಹೇಬ್ರಿಗೆ, ನಿಂಗಲ್ಲ. ಬಾಯ್ಮುಚ್ಕೊಂಡು ತೊಳಿ."

ಕಾರ್ಖಾನೆಯ ಕೊಳಕು ನೀರು ತಿಳಿಯಾಗುವ ಕೊನೆಯ ಹೊಂಡಕ್ಕೆ ಕ್ಲೋರಿನ್ ಪುಡಿ ಸುರಿಯುವವಳೂ ನಾನೇ. ಕಣ್ಣು ಉರಿಯುತ್ತದೆ, ಬೆರಳ ಸಂದಿಯ ಚರ್ಮ ಸುಲಿದುಹೋಗಿದೆ. ನೀರೇನೋ ಫಳಫಳ ಹೊಳೆಯುತ್ತದೆ, ಒಂದು ಕ್ರಿಮಿ ಉಳಿಯುವುದಿಲ್ಲ. ಹೊಳೆಗೆ ಬಿಡುವ ಮುಂಚೆ ಆ ಪುಡಿಯ ಖಾರ ಮುರಿಯಲು ಇನ್ನೊಂದು ಮದ್ದು ಬೆರೆಸಬೇಕಂತೆ. ಆ ಮದ್ದಿನ ಖಾಲಿ ಡ್ರಮ್ಮಿನಲ್ಲಿ ಸೂಪರ್‌ವೈಸರ್ ತನ್ನ ಛತ್ರಿ ಇಟ್ಟುಕೊಳ್ಳುತ್ತಾನೆ.

ಪೈಪಿನ ಕೆಳಗೆ, ಹೊಳೆಯ ತಿರುವಿನಲ್ಲಿ ನಮ್ಮಪ್ಪ ಬಲೆ ಬೀಸುತ್ತಾನೆ. ಬೀಸುತ್ತಿದ್ದ. ಮೊದಲು ಕಲ್ಲಿಗಂಟಿದ ಬಸವನಹುಳು ಉದುರಿದವು, ಆಮೇಲೆ ಮರಿಮೀನು, ಕೊನೆಗೆ ದೊಡ್ಡವೂ ಕಿವಿರು ಬಿಳಿಚಿಕೊಂಡು ದಡಕ್ಕೆ ಬಂದವು. ಮೀನು ಹಿಡಿಯುವವರೇ ವಿಷ ಹಾಕಿದ್ದಾರೆಂದು ಕಾರ್ಖಾನೆಯವರು ದೂರು ಕೊಟ್ಟರು. ಸಾಹೇಬನ ಕಚೇರಿಯವರು ಬಂದು ಅಪ್ಪನ ಬಲೆ ಕಿತ್ತುಕೊಂಡು ಹೋದರು. ತಪ್ಪು ಅವನದೆಂದಾದರೆ ಇನ್ನು ಹೊಳೆಗೇ ಇಳಿಯುವಂತಿಲ್ಲ.

ಇವತ್ತು ಸಾಹೇಬ ವಿಚಾರಣೆಗೆ ಬಂದ. ಅಪ್ಪನನ್ನು ಚಪ್ಪಲಿ ಬಿಡಿಸಿ ಆಫೀಸು ಕೋಣೆಯ ತೊಟ್ಟಿಯ ಮುಂದೆ ನಿಲ್ಲಿಸಿದರು. ಹೊಸ ಆರು ಮೀನುಗಳು ಬಾವಿ ನೀರಿನಲ್ಲಿ ಹಾಯಾಗಿ ಓಡಾಡುತ್ತಿದ್ದವು.

"ಕಣ್ಣು ಕಾಣುತ್ತಾ ಮುದುಕ? ಇದೇ ನೀರು ಹೊಳೆಗೆ ಹೋಗೋದು. ಇವು ಬದುಕಿಲ್ವಾ? ವಿಷ ಹಾಕಿದ್ದು ನಾನೇ ಅಂತ ಒಪ್ಕೋ, ಸಣ್ಣದ್ರಲ್ಲಿ ಮುಗಿಸ್ತೀನಿ," ಅಂದ ಸಾಹೇಬ.

ಅಪ್ಪ ಗಾಜಿಗೆ ಮುಖ ತಂದು ನೋಡಿದ. "ಸ್ವಾಮಿ, ಅದು ನಾವು ಉಣ್ಣೋ ತಟ್ಟೆ. ಅದಕ್ಕೆ ನಾವೇ ವಿಷ ಹಾಕ್ತೀವಾ?"

"ನಾಟಕ ಆಡ್ತೀಯಾ, ಬೋಳೀಮಗನೇ?" ಸೂಪರ್‌ವೈಸರ್ ಅಪ್ಪನ ಕುತ್ತಿಗೆ ಹಿಡಿದು ಬಗ್ಗಿಸಿದ. ಅಪ್ಪನ ಹಣೆ ಗಾಜಿಗೆ ಬಡಿಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಹಾಳಾಗಿ ಹೋಗಲಿ. ಹೊರಗೆ ಹೊಳೆಗೆ ಹೋಗುವ ಪೈಪಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕಿಟಕಿಯಿಂದ ಒಳಗೆ ಎಳೆದು ತಂದು, ತೊಟ್ಟಿಯೊಳಗೆ ತೂರಿಸಿ ಕೊಳವೆಯ ತುದಿಯ ನಲ್ಲಿ ತಿರುಗಿಸಿದೆ.

"ಏಯ್! ಏನೇ ಮಾಡ್ತಿದ್ದೀಯಾ?"

"ಬೋರ್ಡಲ್ಲಿ ಬರ್ದಿರೋದನ್ನೇ ಮಾಡ್ತಿದ್ದೀನಿ ಸಾರ್."

ಸೂಪರ್‌ವೈಸರ್ ನುಗ್ಗಿ ಬಂದ. ಅಪ್ಪ ಅಡ್ಡ ನಿಂತ. ಬಲೆ ಎಳೆದು ಗಟ್ಟಿಯಾದ ಆ ಕೈಗಳು ಅವನ ರಟ್ಟೆ ಹಿಡಿದರೆ ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ. ಘಾಟು ಏರಿತು. ತೊಟ್ಟಿ ತುಂಬಿ ನೀರು ಸಾಹೇಬನ ಬೂಟಿನ ಮೇಲೆ ಸುರಿಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಟ್ಟವು, ಗಾಜಿಗೆ ಪಟಪಟ ಬಡಿದುಕೊಂಡವು. ಪಾಪ, ಅವುಗಳ ತಪ್ಪೇನಿತ್ತು? ಆದರೂ ನಲ್ಲಿ ನಿಲ್ಲಿಸಲಿಲ್ಲ.

ಸಾಹೇಬ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಬಾಗಿಲ ಕಡೆ ಹೊರಟ. ನಾನು ಬಾಗಿಲಿಗೆ ಚಿಲಕ ಹಾಕಿ ಬೆನ್ನು ಕೊಟ್ಟು ನಿಂತೆ.

ಮೊದಲ ಮೀನು ಮಗುಚಿಕೊಂಡಿತು.

"ಕೂತ್ಕೊಳ್ಳಿ ಸಾಹೇಬ್ರೇ," ಅಂದೆ. "ಇನ್ನೂ ಐದು ಸಾಯೋದಿವೆ."