ಹೆಗಲ ಮೇಲಿನ ಕೈ

“ಕತ್ತರಿಸಬೇಡಿ ಅಕ್ಕ, ಕತ್ತರಿಸಿದ್ರೆ ಗೊತ್ತಾಗುತ್ತೆ. ಅಂಚಿಗೆ ಮಂಜು ಹಾಕಿ. ತಾನಾಗೇ ಕರಗಿ ಹೋದ ಹಾಗಿರಲಿ.”

ಕಂಟ್ರಾಕ್ಟರ್ ಕೌಂಟರಿನ ಗಾಜಿನ ಮೇಲೆ ಫೋಟೋ ಇಟ್ಟು ಅದರ ಬಲಬದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ತೋರಿಸಿದ. ಹೆಬ್ಬೆರಳಿನಡಿ ಒಬ್ಬ ಹೆಂಗಸು ನಿಂತಿದ್ದಳು.

ಆ ಸ್ಟುಡಿಯೋದ ಒಳಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಂಪ್ಯೂಟರಿನ ಮುಂದೆ ಕೂತು ಜನರ ಮೊಡವೆ, ಸುಕ್ಕು, ಕಣ್ಣಕೆಳಗಿನ ಕಪ್ಪುಗಳನ್ನು ಅಳಿಸುತ್ತ ಬಂದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಕನ್ನಡಕ ಸರಿಮಾಡಿಕೊಂಡು ಫೋಟೋ ನೋಡಿದಳು. ನಡುವೆ ಕುರ್ಚಿಗಳಲ್ಲಿ ವಯಸ್ಸಾದ ದಂಪತಿ. ಹಿಂದೆ ಮಗ, ಸೊಸೆ, ಮೊಮ್ಮಗಳು. ಬಲತುದಿಯಲ್ಲಿ ಮುದುಕಿಯ ಹೆಗಲ ಮೇಲೆ ಕೈಯಿಟ್ಟು ನಿಂತ ಇನ್ನೊಬ್ಬ ಮುದುಕಿ.

“ಇವರು ಯಾರು?”

“ನಮ್ಮ ಸೋದರತ್ತೆ. ಅಪ್ಪನ ತಂಗಿ.”

“ತೀರಿಕೊಂಡ್ರಾ?”

“ಛೆ ಛೆ, ಗುಂಡುಕಲ್ಲಿನ ಹಾಗಿದ್ದಾರೆ! ನಮ್ಮನೇಲೇ ಇರೋದು.” ಅವನು ದನಿ ತಗ್ಗಿಸಿದ. “ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ಆಯ್ತು. ಹಜಾರದಲ್ಲಿ ದೊಡ್ಡದಾಗಿ ಹಾಕಬೇಕು. ಇನ್ನು ಮಗಳನ್ನ ನೋಡೋಕೆ ಜನ ಬರ್ತಾರೆ. ಇವರು ಯಾರು, ಗಂಡ ಎಲ್ಲಿ, ಯಾಕೆ ಬಿಟ್ಟು ಬಂದ್ರು ಅಂತ ಶುರು ಹಚ್ಕೋತಾರೆ. ಒಂದು ಎಳೆ ಎಳೆದ್ರೆ ಬಟ್ಟೆಯೆಲ್ಲ ಬಿಚ್ಚಿಕೊಳ್ಳುತ್ತೆ ನೋಡಿ.”

“ಅವರಿಲ್ಲದ ಫೋಟೋನೇ ಒಂದು ತೆಗೆಸಬಹುದಲ್ಲ?”

“ಎಲ್ಲಿಂದ ತೆಗೆಸೋದು? ಪಾರ್ಶ್ವವಾಯು ಆದಮೇಲೆ ಅಮ್ಮ ಬಲಗಡೆ ವಾಲ್ತಾರೆ. ಯಾರಾದ್ರೂ ಹಿಡ್ಕೊಂಡಿರಬೇಕು. ಎಲ್ಲರೂ ಕಣ್ಣು ಬಿಟ್ಟಿರೋದೂ ಇದೊಂದರಲ್ಲೇ.” ಆಮೇಲೆ ದೊಡ್ಡ ಉಪಕಾರ ಮಾಡಿದವನಂತೆ ಸೇರಿಸಿದ, “ನಮಗೇನೂ ಅತ್ತೆ ಮೇಲೆ ಬೇಜಾರಿಲ್ಲ ಅಕ್ಕ.”

ಅಕ್ಕನಿಗೆ ಸಿಟ್ಟು ಬಂದದ್ದು ಆ ಮಾತಿಗೆ. ಬೇಜಾರಿದ್ದರೆ ಜಗಳವಾಡಬಹುದು, ಬಾಗಿಲು ಹಾಕಿಕೊಳ್ಳಬಹುದು. ಬೇಜಾರೇ ಇಲ್ಲದೆ ಒಬ್ಬಳನ್ನು ಒರೆಸಿಹಾಕುವುದೆಂದರೆ!

“ಗಿರಾಕಿ ಹೇಳಿದ್ದು ಮಾಡು ಅಕ್ಕ,” ಎಂದ ಸ್ಟುಡಿಯೋ ಯಜಮಾನ, ಅವಳ ಮುಖ ನೋಡಿಯೇ. “ನಾವೇನು ಅವರ ಮನೆ ಪಂಚಾಯ್ತಿಗೆ ಕೂತಿದ್ದೀವಾ?”

ಮಂಜು ಹಾಕುವುದು ಅವಳಿಗೆ ಎಡಗೈ ಕೆಲಸ. ಸ್ಕ್ಯಾನ್ ಮಾಡಿದ ಫೋಟೋದ ನಡುವೆ ಮೊಟ್ಟೆಯಾಕಾರದ ಗೆರೆ ಎಳೆದು, ಅಂಚು ಕರಗಿಸುವ ಫೆದರ್ ಎಂಬ ಚೌಕದಲ್ಲಿ ನೂರಿಪ್ಪತ್ತು ಎಂದು ಒತ್ತಿ, ಹೊರಗಿನದನ್ನು ಬಿಳಿಯ ಪದರದಿಂದ ಮುಚ್ಚಿದರೆ ಮುಗಿಯಿತು. ಗೆರೆಯ ಹತ್ತಿರ ಬರುತ್ತ ಬರುತ್ತ ಬಣ್ಣಗಳು ತೆಳುವಾಗಿ, ಎಲ್ಲಿ ಮುಗಿದವೆಂದು ತಿಳಿಯದಂತೆ ಬಿಳಿಯಲ್ಲಿ ಸೇರಿಹೋಗುತ್ತವೆ. ನೋಡಿದವರು ‘ಎಷ್ಟು ಮೃದುವಾಗಿದೆ’ ಎನ್ನುತ್ತಾರೆ. ಕತ್ತರಿ ಹಾಕಿದ್ದರೆ ನೆಟ್ಟಗಿನ ಒಂದು ಅಂಚಾದರೂ ಉಳಿದು, ಇಲ್ಲಿ ಯಾರೋ ಇದ್ದರು ಎಂದು ಹೇಳುತ್ತಿತ್ತು.

ಒತ್ತಿದಳು. ಸೋದರತ್ತೆಯ ಮುಖ ಹೋಯಿತು, ಎದೆ ಹೋಯಿತು, ಮೊಳಕೈ ಹೋಯಿತು. ಕೈ ಹೋಗಲಿಲ್ಲ. ಕುರ್ಚಿಯಲ್ಲಿ ಕೂತ ಅತ್ತಿಗೆಯ ಹೆಗಲು ಮೊಟ್ಟೆಯ ಒಳಗಿತ್ತು. ಹೆಗಲ ಮೇಲಿದ್ದ ಕೈಯೂ ಒಳಗೇ ಉಳಿಯಿತು. ಬಿಳಿಯೊಳಗಿಂದ ಮಣಿಕಟ್ಟು ಮೂಡಿ, ಐದು ಬೆರಳು ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದವು. ಪಕ್ಕದ ಬಟ್ಟೆಯ ತುಂಡನ್ನೇ ಎಳೆದು ಮುಚ್ಚಿದ್ದರೆ ಐದು ನಿಮಿಷದ ಕೆಲಸ. ಮೌಸ್ ಮೇಲೆ ಬೆರಳಿಟ್ಟು ಕೂತಳು. ಬೆರಳು ಒತ್ತಲಿಲ್ಲ.

ಕೂತಲ್ಲೇ ತನ್ನ ಮನೆಯ ಫೋಟೋ ನೆನಪಾಯಿತು. ಮೂರು ವರ್ಷದ ಹಿಂದೆ ಮಾವನಿಗೆ ಎಪ್ಪತ್ತೈದು ತುಂಬಿದಾಗ ತೆಗೆದದ್ದು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಹತ್ತು ಸೆಕೆಂಡಿನ ಗುಂಡಿ ಒತ್ತಿ, ಓಡಿಹೋಗಿ ತುದಿಯಲ್ಲಿ ನಿಂತವಳು ಅವಳೇ. ಮರುದಿನ ಇದೇ ಕುರ್ಚಿಯಲ್ಲಿ ಕೂತು ಇದೇ ಮೊಟ್ಟೆ ಎಳೆದು ಮಂಜು ಹಾಕಿದವಳೂ ಅವಳೇ. ನಡುವಿನವರು ಚೆನ್ನಾಗಿ ಕಾಣಲಿ ಎಂದು ಕೈ ತಾನಾಗೇ ಮಾಡಿದ ಕೆಲಸ. ಅದರಲ್ಲಿ ಅವಳದೆಂದು ಉಳಿದದ್ದು ಅರ್ಧ ಕಿವಿಯೋಲೆ. ಮೂರು ವರ್ಷ ವಾರಕ್ಕೊಮ್ಮೆ ಅದರ ಧೂಳು ಒರೆಸಿದ್ದಾಳೆ. ಗಂಡ ಕೇಳಲಿಲ್ಲ, ಮಕ್ಕಳು ಕೇಳಲಿಲ್ಲ. ನಾಚಿಕೆಗೇಡು, ತಾನೂ ಕೇಳಿಕೊಳ್ಳಲಿಲ್ಲ. ಮೂಲ ಫೋಟೋದ ಮೇಲೆಯೇ ಸೇವ್ ಮಾಡಿದ್ದರಿಂದ ಈಗ ಹುಡುಕಿದರೂ ಅವಳು ಸಿಗುವುದಿಲ್ಲ.

ಈ ಸಲ ಮೂಲವನ್ನು ಬೇರೆ ಇಟ್ಟಳು. ಕೈಯನ್ನು ಹಾಗೇ ಬಿಟ್ಟು ಕಂಟ್ರಾಕ್ಟರನ ಮೊಬೈಲಿಗೆ ಕಳಿಸಿದಳು. ಎರಡು ನಿಮಿಷದಲ್ಲಿ ಉತ್ತರ ಬಂತು: ‘ಸೂಪರ್ ಅಕ್ಕ, ಪ್ರಿಂಟ್ ಹಾಕಿ.’ ಅಮ್ಮನ ಹೆಗಲ ಮೇಲೆ ಆ ಕೈ ಇರುವುದು ಅವನಿಗೆ ಎಷ್ಟು ರೂಢಿಯೆಂದರೆ, ಅದು ಕಣ್ಣಿಗೇ ಬಿದ್ದಿರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ರಸೀದಿ ಹಿಡಿದು ಬಂದವರನ್ನು ಕೌಂಟರಿನಲ್ಲಿ ಕೂತಿದ್ದ ಅಕ್ಕ ತಕ್ಷಣ ಗುರುತಿಸಿದಳು. ಹೆಬ್ಬೆರಳಿನಡಿ ಇದ್ದ ಅದೇ ಮುಖ. ಒಂದು ಕೈಯಲ್ಲಿ ಔಷಧಿ ಚೀಟಿ, ಇನ್ನೊಂದರಲ್ಲಿ ತರಕಾರಿ ಚೀಲ.

“ನಮ್ಮ ಹುಡುಗ ಫೋಟೋ ಕೊಟ್ಟಿದ್ನಂತಲ್ಲ ತಾಯಿ, ತಗೊಂಬಾ ಅಂದ. ಹೇಗೂ ಔಷಧಿ ಅಂಗಡಿಗೆ ಹೊರಟಿದ್ದೆ.”

ಸೋದರತ್ತೆಯನ್ನು ಅಳಿಸಿದ ಫೋಟೋ ಹೊತ್ತು ತರಲು ಅವನು ಅವರನ್ನೇ ಕಳಿಸಿದ್ದ! ಯಜಮಾನ ಕಂದು ಕಾಗದದಲ್ಲಿ ಸುತ್ತಿದ್ದ ಪೊಟ್ಟಣವನ್ನು ಅವಸರದಲ್ಲಿ ಮುಂದೆ ತಳ್ಳಿದ. “ತಗೊಳ್ಳಿ ಅಜ್ಜಿ, ಬಿಚ್ಚಬೇಡಿ, ಧೂಳಾಗುತ್ತೆ.”

“ಬಿಚ್ಚಿ ನೋಡಿ,” ಎಂದಳು ಅಕ್ಕ.

ಸೋದರತ್ತೆ ಗಂಟು ಬಿಚ್ಚಿದರು. ಕಾಗದವನ್ನು ಮತ್ತೆ ಉಪಯೋಗಕ್ಕೆ ಬರುತ್ತದೆಂದು ನೀಟಾಗಿ ಮಡಚಿಟ್ಟರು. ಫೋಟೋ ನೋಡಿ ನಕ್ಕರು. “ಅಣ್ಣ ಎಷ್ಟು ಗತ್ತಾಗಿ ಕೂತಿದ್ದಾನೆ ನೋಡು!” ಆಮೇಲೆ ನಗು ನಿಂತಿತು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮತ್ತೆ ಬಲಕ್ಕೆ. ತಮ್ಮ ಬಲಗೈಯನ್ನು ಫೋಟೋದ ಕೈಯ ಪಕ್ಕ ಇಟ್ಟರು. ಎರಡರ ಕಿರುಬೆರಳೂ ಒಂದೇ ರೀತಿ ಸೊಟ್ಟಗಿತ್ತು.

“ಇದು ನನ್ನ ಕೈ.”

“ಹೌದು.”

“ನಾನೆಲ್ಲಿ?”

ಯಜಮಾನ ಬಾಯಿ ತೆರೆದ. ಅಕ್ಕನೇ ಮೊದಲು ಹೇಳಿದಳು. “ಅಳಿಸೋಕೆ ಹೇಳಿದ್ರು. ಅಳಿಸಿದವಳು ನಾನೇ. ಕೈ ಅಳಿಸೋಕೆ ಮನಸ್ಸು ಬರಲಿಲ್ಲ.”

ಸೋದರತ್ತೆ ಅಳಲಿಲ್ಲ. ಮೂಗಿನ ಹೊಳ್ಳೆಗಳು ಅರಳಿದವು. “ನೋಡಿದ್ಯಾ! ಇಪ್ಪತ್ತನೇ ವಯಸ್ಸಿಗೆ ಗಂಡನ ಮನೆ ಬಿಟ್ಟು ಬಂದೆ. ಹೊಡೀತಿದ್ದ, ಬಂದೆ. ಅದರಲ್ಲಿ ಮುಚ್ಚಿಡೋದೇನಿದೆ? ಆ ಹುಡುಗನ್ನ ಎತ್ತಿ ಆಡಿಸಿದ್ದು ಇದೇ ಕೈ. ಈಗ ಅವರಮ್ಮನಿಗೆ ತುತ್ತು ಕೊಡೋದೂ ಇದೇ. ಕೈ ಬೇಕು, ಮುಖ ಮಾತ್ರ ಬೇಡವಾ ಅವನಿಗೆ?”

“ಅಜ್ಜಿ, ಸಮಾಧಾನ...” ಎಂದ ಯಜಮಾನ.

“ಸಮಾಧಾನ ನೀನಿಟ್ಕೋ. ನನ್ನ ಹತ್ತಿರ ಇದ್ದದ್ದು ಖರ್ಚಾಯ್ತು.”

ಅಕ್ಕ ಎದ್ದು ಒಳಗೆ ಹೋದಳು. ಬಿಳಿಯ ಪದರವನ್ನು ಕಿತ್ತು ಹಾಕಿದಳು. ಮಂಜಿನೊಳಗಿಂದ ಮೊದಲು ಮೊಳಕೈ, ಆಮೇಲೆ ಭುಜ, ಆಮೇಲೆ ಕಣ್ಣು ಬಿಟ್ಟ ಮುಖ ಹೊರಬಂದವು. “ಗಿರಾಕಿ ಒಪ್ಪಿದ್ದು ಅದಲ್ಲ!” ಎಂದು ಯಜಮಾನ ಬಾಗಿಲಲ್ಲಿ ಕೂಗಿದ. “ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ,” ಎಂದು ಪ್ರಿಂಟ್ ಒತ್ತಿದಳು.

ಹೊಸ ಫೋಟೋ ಕೊಟ್ಟಾಗ ಸೋದರತ್ತೆ ಹಳೆಯದನ್ನೂ ಕೇಳಿ ಚೀಲಕ್ಕೆ ಹಾಕಿಕೊಂಡರು. “ಎರಡನ್ನೂ ಪಕ್ಕಪಕ್ಕ ಇಡ್ತೀನಿ. ಯಾವುದಕ್ಕೆ ಮೊಳೆ ಹೊಡೀತಾನೋ ನನ್ನೆದುರೇ ಹೊಡೀಲಿ.”

ಮಧ್ಯಾಹ್ನ ಕಂಟ್ರಾಕ್ಟರನ ಫೋನು ಬಂತು. ಮೊದಲು ಜೋರು, ಆಮೇಲೆ ಗೋಗರೆತ. “ಏನು ಮಾಡಿಬಿಟ್ರಿ ಅಕ್ಕ! ಅತ್ತೆ ಬಂದಾಗಿನಿಂದ ಕೈಕಟ್ಟಿ ಕೂತಿದ್ದಾರೆ. ಅಮ್ಮನ್ನ ಹಿಡ್ಕೊಳ್ಳಿ ಅಂದ್ರೆ, ಆ ಫೋಟೋದಲ್ಲಿರೋ ಕೈಗೆ ಹೇಳು ಅಂತಾರೆ. ನಾನು ಹಿಡಿದ್ರೆ ಅಮ್ಮ ಇನ್ನಷ್ಟು ವಾಲ್ತಾರೆ.”

“ಅಮ್ಮ ಏನಂತಾರೆ?”

“ದಿಂಬಿಗೆ ಒರಗಿ ನಗ್ತಿದ್ದಾರೆ. ಅವರೂ ಅತ್ತೆ ಕಡೆನೇ. ಹೊಸದನ್ನೇ ಹಾಕ್ತೀನಿ ಬಿಡಿ. ಆದ್ರೆ ನಾನು ತಂದಿರೋ ಚೌಕಟ್ಟು ಮೊಟ್ಟೆಯಾಕಾರದ್ದು. ಅತ್ತೆ ಅದರೊಳಗೆ ಹಿಡಿಯಲ್ಲ.”

“ಹಾಗಾದ್ರೆ ಚೌಕಟ್ಟು ಬದಲಾಯಿಸಿ,” ಎಂದು ಫೋನಿಟ್ಟಳು.

ಸಂಜೆ ಮನೆಗೆ ಹೋದವಳು ಚಪ್ಪಲಿಯನ್ನೂ ಬಿಡದೆ ಹಜಾರದ ಫೋಟೋ ಇಳಿಸಿದಳು. ಕಾಫಿ ಕುಡಿಯುತ್ತಿದ್ದ ಗಂಡ ತಲೆಯೆತ್ತಿದ.

“ಯಾಕೆ, ಚೆನ್ನಾಗಿತ್ತಲ್ಲ?”

ಅದನ್ನು ಅವನ ತೊಡೆಯ ಮೇಲಿಟ್ಟಳು. “ಇದರಲ್ಲಿ ನಾನೆಲ್ಲಿದ್ದೀನಿ, ತೋರಿಸಿ.”

ಅವನು ಲೋಟ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಒಬ್ಬೊಬ್ಬರ ಮೇಲೂ ಬೆರಳಿಡುತ್ತ ಬಂದ. ಬೆರಳು ಅಂಚಿಗೆ ಬಂದು ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದ.

“ಹುಡುಕಿ,” ಎಂದು ಅಕ್ಕ ಎದುರಿನ ಕುರ್ಚಿ ಎಳೆದು ಕೂತಳು. “ನನಗೇನೂ ಅವಸರವಿಲ್ಲ.”